ತೊಳೆದ ತೊಗರಿ

ಹೋದ ಸೋಮವಾರ ಬೀದರಿನ ಮೈಲೂರಿನ ನಮ್ಮ ಮನೆಯಲ್ಲಿ ಸೊಸೆ ತೊಗರಿ ಬೇಳೆಯ ಪ್ಯಾಕೆಟ್ ಕತ್ತರಿಸಿ, ಒಂದು ಹಿಡಿ ಅಂಗೈಗೆ ಸುರಿದುಕೊಂಡು ಮುಖ ಸಿಂಡರಿಸಿದಳು. "ಅತ್ತಿ, ಇದಕ್ಕ ಮಣ್ಣು ಹತ್ತ್ಯಾದ ನೋಡ್ರಿ. ರಿಟರ್ನ್ ಮಾಡ್ತೇನಿ." ಆರ್ಗ್ಯಾನಿಕ್ ಅಂತೆ, ಅನ್‌ಪಾಲಿಶ್ಡ್ ಅಂತೆ, ರೇಟು ಎರಡರಷ್ಟು. ನಾನು ಮೂಗಿನ ಹತ್ತಿರ ಒಯ್ದೆ. ಕೆಮ್ಮಣ್ಣಿನ ವಾಸನೆ. ರಿಟರ್ನ್ ಮಾಡಬೇಡ ಎಂದವಳು ಬೇಳೆ ಕೈಯಲ್ಲಿ ಹಿಡಿದೇ ಸೋಫಾದ ಮೇಲೆ ಕುಳಿತುಬಿಟ್ಟೆ. ಸೊಸೆ ಬಿಪಿ ಮಷಿನ್ ತಂದಳು.

ಬಿಪಿ ಏರುವ ವಿಷಯವೇ. ಅರವತ್ತು ವರ್ಷ ಹಿಂದಿನದು.

ಆಗ ನಾನು ಕಾನ್ವೆಂಟ್ ಹಾಸ್ಟೆಲ್ಲಿನಲ್ಲಿದ್ದೆ. ಹನ್ನೆರಡು ವರ್ಷ, ಎರಡು ಜಡೆ, ಮಾರಲ್ ಸೈನ್ಸ್‌ನಲ್ಲಿ ಫಸ್ಟ್ ಪ್ರೈಜ್. ಬೇಸಿಗೆ ರಜೆಗೆ ಔರಾದ್ ಕಡೆಯ ನಮ್ಮ ಊರಿಗೆ ಬಂದರೆ ಹೊಲ, ಬಾವಿ, ಹುಲ್ಲಿನಲ್ಲಿ ಮಾಗಲಿಟ್ಟ ಮಾವು. ನಾನಂತೂ ಕರವಸ್ತ್ರ ಮೂಗಿಗೆ ಹಿಡಿದುಕೊಂಡೇ ಅಷ್ಟನ್ನೂ ಅನುಭವಿಸುತ್ತಿದ್ದೆ. ಎಮ್ಮೆಗೆ "ಗುಡ್ ಮಾರ್ನಿಂಗ್" ಹೇಳುತ್ತಿದ್ದೆನೆಂದು ಊರವರು ಇಂದಿಗೂ ಹೇಳುತ್ತಾರೆ. ಸುಳ್ಳಲ್ಲ.

ಮನೆಯಲ್ಲಿ ಆಯಿಯದೇ ಆಡಳಿತ. ಆಯಿ ಎಂದರೆ ಅಪ್ಪನ ತಾಯಿ. ಆಕೆಯ ಕೈಕೆಳಗೆ ನನ್ನ ಕಾಕಿ, ಅಂದರೆ ಚಿಕ್ಕಪ್ಪನ ಹೆಂಡತಿ, ಗಂಗೂ, ಇಪ್ಪತ್ತೆರಡರ ಹುಡುಗಿ. ಕಾಕಿಯ ತವರು ಭಾಲ್ಕಿ. ವರ್ಷಕ್ಕೊಮ್ಮೆ, ಬೇಸಿಗೆಯಲ್ಲಿ ಎಂಟು ದಿನ ಹೋಗಲು ಆಯಿ ಬಿಡುತ್ತಿದ್ದಳು. ಅದೂ ವರ್ಷದ ಬೇಳೆ ಮಾಡಿ ಮುಗಿಸಿದ ಮೇಲೆ, ಮಿರಗದ, ಅಂದರೆ ಮೃಗಶಿರಾ ಮಳೆಯ ಹೊತ್ತಿಗೆ ತಿರುಗಿ ಬರುವ ಕರಾರಿನ ಮೇಲೆ. ಆ ವರ್ಷ ಕಾಕಿಯ ಅಕ್ಕನೂ ಭಾಲ್ಕಿಗೆ ಬಂದಿದ್ದಳು. ಎರಡು ವರ್ಷದಿಂದ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಅಕ್ಕ ಇನ್ನು ಮೂರೇ ದಿನ ಇರುವವಳು. ಕಾಕಿಯ ಅಣ್ಣ ಬಂಡಿ ಕಟ್ಟಿಕೊಂಡು ಕರೆಯಲು ಬಂದೂ ಬಿಟ್ಟಿದ್ದ. ಮರುದಿನ ನಸುಕಿನಲ್ಲಿ ಹೊರಡುವುದು.

ಹಾಗಾಗಿ ಆ ದಿನ ಮನೆಯೆಲ್ಲ ಗಡಿಬಿಡಿ. ಕಾಕಿ ಕೋಳಿ ಕೂಗುವ ಮೊದಲೇ ಎದ್ದು ಸಗಣಿ ಬಳಿದು, ರೊಟ್ಟಿ ಬಡಿದು, ಮೆಣಸಿನಕಾಯಿ ಹರವಿ, ನಡುನಡುವೆ ಯಾರೂ ಕೇಳದ ಹಾಡು ಗುನುಗುತ್ತಿದ್ದಳು. ಉಳಿದದ್ದು ಒಂದೇ ಕೆಲಸ: ಮಾಳಿಗೆಯ ಮೇಲೆ ಒಣಗಿದ ತೊಗರಿಯನ್ನು ಮಧ್ಯಾಹ್ನ ಬೀಸುಕಲ್ಲಿಗೆ ಹಾಕಿ ಒಡೆಯುವುದು.

ತೊಗರಿ ಕಾಯುವ ಕೆಲಸ ನನಗೆ ಸಿಕ್ಕಿತು. "ಬೇಬಿ, ಗುಬ್ಬಿ ಬರದಂಗ ನೋಡು. ಮತ್ತೇನೂ ಮಾಡಬ್ಯಾಡ," ಅಂದಳು ಕಾಕಿ. ಕೋಲು ಹಿಡಿದು ಮೇಲೆ ಹತ್ತಿದೆ. ನೋಡುತ್ತೇನೆ, ಒಂದು ಚೀಲ ತೊಗರಿಗೆಲ್ಲ ಮಣ್ಣು! ಕೆಂಪಗೆ, ಒಣಗಿ, ಕಾಳಿಗೆ ಕಚ್ಚಿಕೊಂಡಿದೆ. ವರ್ಷವಿಡೀ ನಾವು ತಿನ್ನುವುದು ಇದನ್ನೇ! ನಮ್ಮ ಸಿಸ್ಟರ್ ಹೈಜೀನ್ ಪಾಠದಲ್ಲಿ ಹೇಳಿದ ಕಾಲರಾ, ಟೈಫಾಯ್ಡ್ ಎಲ್ಲ ಕಣ್ಣ ಮುಂದೆ ಸಾಲಾಗಿ ನಿಂತವು. ಈ ಮನೆಯಲ್ಲಿ ಎಜುಕೇಟೆಡ್ ಯಾರು? ನಾನೊಬ್ಬಳೇ. ಕೆಳಗಿಳಿದು ನೀರು ಹೊತ್ತೆ. ಒಂದಲ್ಲ ಎರಡಲ್ಲ, ಏಳು ಕೊಡ. ಹುಟ್ಟಿದ ಮೇಲೆ ಅಷ್ಟು ದುಡಿದದ್ದು ಅದೇ ಮೊದಲು. ಅಗಲವಾದ ಹಿತ್ತಾಳೆ ಪರಾತದಲ್ಲಿ ಹಾಕಿ ಗಸಗಸ ತಿಕ್ಕಿ, ಮೂರು ಮೂರು ಸಲ ತೊಳೆದೆ.

ಗೊತ್ತಿರುವವರು ಈಗಾಗಲೇ ತಲೆಗೆ ಕೈ ಹಚ್ಚಿರುತ್ತೀರಿ. ತೊಗರಿಯನ್ನು ನೆನೆಸಿ, ಕೆಮ್ಮಣ್ಣು ಕಲಸಿ, ಮೂರು ದಿನ ಒಣಗಿಸಿದರೇನೇ ಸಿಪ್ಪೆ ಸಡಿಲಾಗಿ ಬೇಳೆ ಎರಡು ಹೋಳಾಗುವುದು. ನಮ್ಮದು ಎರೆಭೂಮಿ, ಕೆಮ್ಮಣ್ಣು ಸಿಗದು. ಬೀದರ ಕಡೆಯಿಂದ ಹೇಳಿ ತರಿಸುತ್ತಿದ್ದರು. ಅಂಥ ಮಣ್ಣನ್ನು ನಾನು ಮಾಳಿಗೆಯ ನೀರು ಇಳಿಯುವ ಕೊಳವೆಯಲ್ಲಿ ಹರಿಬಿಟ್ಟೆ. ಕೆಳಗೆ ಸರಿಯಾಗಿ ಅದೇ ಜಾಗದಲ್ಲಿ ಕಾಕಿಯ ಅಣ್ಣ ಬಿಳಿ ರುಮಾಲು ಸುತ್ತಿಕೊಂಡು ಚಹಾ ಕುಡಿಯುತ್ತಿದ್ದ.

"ಅತ್ತಿರಿ," ಅಂದನಂತೆ ಆತ ಶಾಂತವಾಗಿ, "ನಿಮ್ಮ ಊರಾಗ ಹೋಳಿ ಯಾವಾಗರಿ?"

ಆಯಿ ಮೇಲೆ ಬಂದಳು, ಹಿಂದೆ ಕಾಕಿ. ಆಯಿ ಒಂದು ಕಾಳು ಎತ್ತಿ ಹಿಚುಕಿದಳು. ಅದು ಉಬ್ಬಿತ್ತು. "ಯಾರ್ ಹೇಳ್ಯಾರ ನಿನಗ ತೊಳಿ ಅಂತ?"

ಸಾರಿ ಹೇಳುವುದಕ್ಕೆ ನಮಗೆ ಮೂರು ವಿಧ ಕಲಿಸಿದ್ದರು: ಸಾರಿ, ವೆರಿ ಸಾರಿ, ಐ ಬೆಗ್ ಯುವರ್ ಪಾರ್ಡನ್. ಒಂದೂ ಬಾಯಿಗೆ ಬರಲಿಲ್ಲ. ಆಯಿಯ ಕೈ ನನ್ನ ಕೋಲಿನ ಕಡೆ ಹೋಗುತ್ತಿತ್ತು.

"ನಾನೇ ಹೇಳಿದ್ದೆನ್ರಿ ಅತ್ತಿ," ಅಂದಳು ಕಾಕಿ. "ಗಡಿಬಿಡ್ಯಾಗ ಏನೋ ಅಂದೆ. ಕೂಸಿಗಿ ಏನ್ ತಿಳೀತದ."

"ತವರಮನಿ ಹುಚ್ಚಿನಾಗ ಬಾಯಿ ಮ್ಯಾಲ ಖಬರ ಇಲ್ಲೇನ್ ನಿನಗ? ಮತ್ತ ಮಣ್ಣ ಹಚ್ಚು. ಒಣಗಲಿ. ಒಡದ ಮ್ಯಾಗ ಹೋಗು."

ಮೂರು ದಿನ. ಲೆಕ್ಕ ಹಾಕಲು ಕಾನ್ವೆಂಟ್ ಬೇಕಿರಲಿಲ್ಲ. ಅಕ್ಕ ಹೊರಟು ಹೋಗುತ್ತಾಳೆ. ಕಾಕಿ ನನ್ನ ಕಡೆ ಒಮ್ಮೆ ನೋಡಿದಳು. ನಾನು ಬಾಯಿ ತೆರೆದರೆ ಸಾಕಿತ್ತು. ಮಾರಲ್ ಸೈನ್ಸ್ ಫಸ್ಟ್ ಪ್ರೈಜ್ ತನ್ನ ಜಡೆಯ ರಿಬ್ಬನ್ ಸರಿಮಾಡಿಕೊಂಡಳು.

ಮನೆಯಲ್ಲಿ ಉಳಿದಿದ್ದ ಕೆಮ್ಮಣ್ಣನ್ನು ಮಧ್ಯಾಹ್ನವೆಲ್ಲ ಇಬ್ಬರೂ ತೊಗರಿಗೆ ಕಲಸಿದೆವು. ಸಂಜೆ ಕಾಕಿ ನನ್ನ ಬೆನ್ನಿಗೆ ಒಣ ಸೋರೆ ಬುರುಡೆ ಕಟ್ಟಿ ಬಾವಿಗೆ ದೂಡಿ, ತಾನೂ ಸೀರೆ ಕಚ್ಚೆ ಹಾಕಿ ಧುಮುಕಿದಳು. ಬಾವಿ ತುಂಬ ನಗು. ನಡುನಡುವೆ ಕಾಕಿ ತುಂಬ ಹೊತ್ತು ನೀರಲ್ಲಿ ಮುಳುಗಿಯೇ ಇರುತ್ತಿದ್ದಳು. ಮೇಲೆ ಬಂದಾಗ ಕಣ್ಣು ಕೆಂಪಗಿರುತ್ತಿದ್ದವು. ಬಾವಿಯ ನೀರಿಗೆ ಹಾಗಾಗುತ್ತದೆ ಎಂದು ನಾನು ಸೈಂಟಿಫಿಕ್ಕಾಗಿ ತೀರ್ಮಾನಿಸಿದೆ.

ಆ ತೀರ್ಮಾನದ ಮೇಲೆ ಅರವತ್ತು ವರ್ಷ ತಳ್ಳಿದ್ದೇನೆ. ಮದುವೆ, ಮಕ್ಕಳು, ಟೀಚರ್ ಕೆಲಸ. ಎಷ್ಟೋ ಮಕ್ಕಳಿಗೆ "ಸತ್ಯ ಹೇಳಿ" ಎಂದು ಬೋರ್ಡಿನ ಮೇಲೆ ಬರೆದಿದ್ದೇನೆ, ಅಕ್ಷರ ಚಂದವೂ ಇತ್ತು.

ಸೋಮವಾರ ಬಿಪಿ ಇಳಿದ ಮೇಲೆ ಔರಾದಿಗೆ ಫೋನ್ ಮಾಡಿದೆ. ಕಾಕಿ ಮಗನ ಜೊತೆ ಅಲ್ಲೇ ಇದ್ದಾಳೆ, ಎಂಬತ್ತೆರಡು. "ಕಾಕಿ, ಆವತ್ತು ತೊಗರಿ ತೊಳದದ್ದು ನನ್ನ ಸ್ವಂತ ಬುದ್ಧಿ ಅಂತ ನಾ ಆಯಿಗಿ ಹೇಳಬೇಕಾಗಿತ್ತು."

"ಹಾಂ, ಹೇಳಬೇಕಾಗಿತ್ತು," ಅಂದಳು. ಹೋಗಲಿ ಬಿಡು ಎನ್ನುತ್ತಾಳೆಂದು ಕಾದೆ. ಅನ್ನಲಿಲ್ಲ. "ನಾ ಭಾಲ್ಕಿಗಿ ಮುಟ್ಟೂದ್ರಾಗ ಅಕ್ಕ ಹೋಗಿದ್ದಳು. ಆಮ್ಯಾಲ ನಾಕು ವರ್ಷ ಭೇಟಿ ಆಗಲಿಲ್ಲ, ಗೊತ್ತದ ಏನ್ ನಿನಗ?"

ಗೊತ್ತಿರಲಿಲ್ಲ.

"ಅಕ್ಕ ಈಗ ಭಾಲ್ಕ್ಯಾಗ ಮಗಳ ಮನ್ಯಾಗ ಅದಾಳ. ಇಲ್ಲಿ ನಮ್ಮ ಮನ್ಯಾಗಿನವರಿಗೆಲ್ಲ ಟೈಮ್ ಇಲ್ಲಂತ. ನೀ ಬಾ, ನನಗ ಕರಕೊಂಡ್ ಹೋಗು. ಮೂರು ದಿನ."

ಇದನ್ನು ಭಾಲ್ಕಿಯ ಆ ಮನೆಯ ಪಡಸಾಲೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಇವತ್ತು ಎರಡನೆಯ ದಿನ. ಒಳಗೆ ಒಂದೇ ಮಂಚದ ಮೇಲೆ ಅಕ್ಕ ತಂಗಿ ಕಾಲು ಚಾಚಿ ಕುಳಿತಿದ್ದಾರೆ. ಒಬ್ಬರಿಗೆ ಕಿವಿ ಮಂದ, ಇನ್ನೊಬ್ಬರಿಗೆ ಕಣ್ಣು. ಮಾತು ಮಾತ್ರ ನಿಂತಿಲ್ಲ. ನಾನು ಬಾಗಿಲಿಗೆ ಹೋದರೆ ಸುಮ್ಮನಾಗುತ್ತಾರೆ. ಮಧ್ಯಾಹ್ನ ಬಗ್ಗಿ ಕೇಳಿದೆ: "ಕಾಕಿ, ಏನರೆ ಮಾಡ್ಲೇನು?"

"ಏನೂ ಮಾಡಬ್ಯಾಡ," ಅಂದಳು ಕಾಕಿ. "ಹೊರಗ ಕೂಡು."

ಕುಳಿತಿದ್ದೇನೆ.