ಮೇಲಿನ ಮನೆಯ ಒರಳು

ಅಬು ನಬೀಲರ ಒರಳಿನ ಬಾಯಿ ಮುಚ್ಚಿಸಿದವಳು ನಾನು. ಥಾರ್ನ್‌ಕ್ಲಿಫ್ ಪಾರ್ಕಿನ ನಮ್ಮ ಎತ್ತರದ ಕಟ್ಟಡದಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ಕೇಳಿಬರುತ್ತಿದ್ದ ಒಂದು ಸದ್ದನ್ನು, ಮುಖ ತೋರಿಸದೆ ಚಾಡಿ ಹೇಳಿ ನಿಲ್ಲಿಸಿದೆ. ಅಪವಾದ ಇನ್ನೊಬ್ಬರ ತಲೆಗೆ ಹೋಯಿತು. ಹೋಗಲಿ ಎಂದು ಸುಮ್ಮನಿದ್ದೆ — ಒಂದು ದಿನವಲ್ಲ, ವರ್ಷಗಟ್ಟಲೆ. ಯಾರ ಎದುರು ಒಪ್ಪಿಕೊಳ್ಳಬೇಕಿತ್ತೋ ಅವರ ಎದುರು ಒಪ್ಪಿಕೊಂಡಾಗಿದೆ, ಅದನ್ನೂ ಹೇಳುತ್ತೇನೆ. ಆದರೆ ಕನ್ನಡದಲ್ಲಿ, ನಮ್ಮವರ ಎದುರು ಒಪ್ಪಿಕೊಳ್ಳುವುದು ಉಳಿದಿತ್ತು. ತಪ್ಪು ನಡೆದದ್ದು ಟೊರಾಂಟೋದಲ್ಲಾದರೂ ಅದರ ಬೇರು ಬ್ಯಾಡಗಿಯಲ್ಲಿದೆ.

ಅವ್ವ ಬ್ಯಾಡಗಿಯಲ್ಲಿ ಮಂದಿಯ ಮನೆಗಳಿಗೆ ಹೋಗಿ ಖಾರ ಕುಟ್ಟುತ್ತಿದ್ದಳು. ಒನಕೆ ಹಿಡಿದು, ಎದುರಿಗೆ ಇನ್ನೊಬ್ಬಳನ್ನು ನಿಲ್ಲಿಸಿಕೊಂಡು, ಒಬ್ಬಳದು ಏಳುವಾಗ ಇನ್ನೊಬ್ಬಳದು ಬೀಳುವಂತೆ. ಬೇಸಿಗೆ ಪೂರ್ತಿ ಅವಳ ಕಣ್ಣು ಕೆಂಪು, ಕೈಯೆಲ್ಲ ಉರಿ. ಆ ದುಡಿಮೆಯಲ್ಲಿ ನಾನು ಪಿಯುಸಿ ಮುಗಿಸಿದೆ. ಮದುವೆಯಾಗಿ ಕೆನಡಾಕ್ಕೆ ಬಂದೆ. ಡೋನಟ್ ಅಂಗಡಿಯ ಕೌಂಟರಿನಲ್ಲಿ ಬೆಳಗಿನ ಶಿಫ್ಟು ಮಾಡಿ, ಸಂಜೆ ತರಗತಿಗೆ ಹೋಗಿ, ಒಂದೊಂದೇ ಕೋರ್ಸು ದಾಟುತ್ತ ಪದವಿ ಪಡೆದೆ. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲನೆಯವಳು. ಇದನ್ನು ಹೇಳುವಾಗ ಈಗಲೂ ನನ್ನ ಬೆನ್ನು ನೆಟ್ಟಗಾಗುತ್ತದೆ. ಆಗಲಿ, ಅದಕ್ಕೆ ಸಂಕೋಚವಿಲ್ಲ. ಸಂಕೋಚ ಇದ್ದದ್ದು ಬೇರೆ ಕಡೆ. ಅರೋರಾದಲ್ಲೋ ಮಿಸಿಸಾಗಾದಲ್ಲೋ ಕನ್ನಡದವರ ಮನೆಯ ಊಟಕ್ಕೆ ಹೋದಾಗ — ಡಾಕ್ಟರು, ಇಂಜಿನಿಯರುಗಳ ಮನೆಗಳು — ಯಾರಾದರೂ ಹಿರಿಯರು, ‘ಊರಲ್ಲಿ ನಿಮ್ಮನೆಯವ್ರು ಏನ್ ಮಾಡ್ಕೊಂಡಿದಾರಮ್ಮ?’ ಎಂದು ಕೇಳುತ್ತಿದ್ದರು.

‘ಮೆಣಸಿನಕಾಯಿ ಬಿಸಿನೆಸ್ಸು’ ಎನ್ನುತ್ತಿದ್ದೆ.

ಪೂರ್ತಿ ಸುಳ್ಳಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಪೂರ್ತಿ ಸುಳ್ಳೇ.

ತೊಂಬತ್ತರ ದಶಕದ ನಡುವಿನ ವರ್ಷಗಳವು. ಶನಿವಾರ ನನ್ನ ಓದಿನ ದಿನ. ಅಡುಗೆಮನೆಯ ಟೇಬಲ್ಲಿನ ಮೇಲೆ ಪುಸ್ತಕ ಹರವಿ ಕೂತ ಹೊತ್ತಿಗೇ ಮೇಲಿನ ಮನೆಯಲ್ಲಿ ಶುರುವಾಗುತ್ತಿತ್ತು. ದಪ್ಪನೆಯ ಎರಡು ಪೆಟ್ಟು, ಅಂಚಿಗೆ ತಾಗಿದಂಥ ಹಗುರಾದ ಒಂದು, ಮತ್ತೆ ದಪ್ಪನೆಯದು. ಮರದ ಮೇಲೆ ಮರ. ಮೊದಲ ಸಲ ಕೇಳಿದಾಗ ನನ್ನ ಗಂಡ ಬಸವರಾಜ ತಲೆಯೆತ್ತಿ ನಕ್ಕ. ‘ಏನ ಇದು, ನಿಮ್ಮವ್ವ ನಮಗ ಹೇಳದನ ಟೊರಾಂಟೋಕ್ಕ ಬಂದಾಳೇನ?’

ನಾನು ನಗಲಿಲ್ಲ.

ಆ ಸದ್ದು ಜೋರಿರಲಿಲ್ಲ. ಇದನ್ನು ನೇರವಾಗಿ ಹೇಳಬೇಕು. ಕೆಳಗೆ ರಸ್ತೆಯಲ್ಲಿ ಹೋಗುವ ಬಸ್ಸುಗಳ ಗದ್ದಲ ಅದಕ್ಕಿಂತ ಹೆಚ್ಚು. ಆದರೆ ಬಸ್ಸಿನ ಸದ್ದು ನನ್ನನ್ನು ಎಲ್ಲಿಗೂ ಎಳೆದುಕೊಂಡು ಹೋಗುತ್ತಿರಲಿಲ್ಲ. ಇದು — ಇದು ಕೇಳಿದಾಗಲೆಲ್ಲ ನಾನು ಯಾರದೋ ಹಿತ್ತಿಲಲ್ಲಿ ಅವ್ವನ ಕೆಲಸ ಮುಗಿಯಲೆಂದು ಕಾಯುತ್ತಿದ್ದೆ. ನನ್ನದೇ ತರಗತಿಯ ಹುಡುಗಿಯೊಬ್ಬಳು ಕಿಟಕಿಯಿಂದ ನೋಡುತ್ತಾಳೆಂದು ಗೋಡೆಯ ಕಡೆ ಮುಖ ಮಾಡಿ ಕೂತಿರುತ್ತಿದ್ದೆ.

ಒಂದು ದಿನ ಲಿಫ್ಟಿನಲ್ಲಿ ಸೂಪರ್ ಸಿಕ್ಕ. ಕಟ್ಟಡ ನೋಡಿಕೊಳ್ಳುವ ಸುಪರಿಂಟೆಂಡೆಂಟನನ್ನು ಎಲ್ಲರೂ ಹಾಗೇ ಕರೆಯುತ್ತಿದ್ದರು.

‘ಮೇಲಿನ ಮನೆಯವರು ಏನೋ ಕುಟ್ಟುತ್ತಾರೆ. ನೆಲ ಒಡೆದು ಹೋದೀತು. ನಿಲ್ಲಿಸಿ’ ಎಂದೆ. ಲಿಫ್ಟಿನ ಬಾಗಿಲು ತೆರೆಯುವಾಗ, ‘ನಾನು ಹೇಳಿದೆ ಅಂತ ಹೇಳಬೇಡಿ.’

ನನ್ನ ಇಂಗ್ಲಿಷು ಆಗಿನ್ನೂ ತಡವರಿಸುತ್ತಿತ್ತು. ಈ ಮಾತುಗಳು ಮಾತ್ರ ಒಂದೂ ಎಡವದೆ ಬಂದವು.

ಮುಂದಿನ ಶನಿವಾರ ಮೇಲೆ ಸದ್ದಿರಲಿಲ್ಲ. ನಾನು ಓದಿದೆ. ಚೆನ್ನಾಗಿಯೇ ಓದಿದೆ.

ಚಳಿಗಾಲ ಬಂದಾಗ ಬೇಸ್‌ಮೆಂಟಿನ ಲಾಂಡ್ರಿ ರೂಮಿನಲ್ಲಿ ಹನಾನ್ ಪರಿಚಯವಾದಳು. ನನ್ನದೇ ವಯಸ್ಸು, ಕೈಯಲ್ಲಿ ಸದಾ ಒಂದು ಮಗು, ಬಾಯಲ್ಲಿ ಸದಾ ನಗು. ಜೋರ್ಡಾನಿನ ಒಂದು ಹಳ್ಳಿಯವರು. ಮನೆಯಲ್ಲಿ ಲಾರಿ ಓಡಿಸುವ ಗಂಡ ನಬೀಲ್, ಮಾವ ಅಬು ನಬೀಲ್. ಡ್ರೈಯರ್ ತಿರುಗುತ್ತಿದ್ದಾಗ ಅವಳೇ ಮಾತು ತೆಗೆದಳು.

‘ನಮ್ಮ ಮನೆಯಲ್ಲಿ ಸಾವಾದ ಹಾಗಿದೆ, ಸುಮಾ. ಮಾವನ ಮಿಹ್ಬಾಜ್ ನಿಲ್ಲಿಸಿಬಿಟ್ಟರು.’

‘ಅದೇನದು?’ ಎಂದೆ. ಏನೆಂದು ನನಗೆ ಆಗಲೇ ತಿಳಿದಿತ್ತು ಎಂದುಕೊಂಡಿದ್ದೆ. ತಿಳಿದಿರಲಿಲ್ಲ.

ಅದು ಕಾಫಿ ಕುಟ್ಟುವ ಮರದ ಒರಳು. ಬೀಜ ಹುರಿದು, ಏಲಕ್ಕಿ ಸೇರಿಸಿ, ತಾಳಕ್ಕೆ ಸರಿಯಾಗಿ ಕುಟ್ಟಬೇಕು. ಪುಡಿ ಆಗಲೆಂದಷ್ಟೇ ಅಲ್ಲ. ಆ ತಾಳವೇ ಕರೆಯೋಲೆ. ಅವರ ಕಡೆ ಯಾರನ್ನೂ ಬಾಯಿಬಿಟ್ಟು ಕಾಫಿಗೆ ಕರೆಯುವುದಿಲ್ಲ. ಒರಳಿನ ಸದ್ದು ಯಾರ ಕಿವಿಗೆ ಬೀಳುತ್ತದೋ ಅವರೆಲ್ಲ ಅತಿಥಿಗಳು. ನಮ್ಮ ಕಟ್ಟಡದಲ್ಲೂ ಹಾಗೇ ನಡೆದಿತ್ತಂತೆ. ಶನಿವಾರ ಸದ್ದು ಕೇಳಿ ಅವರ ಕಡೆಯ ಮನೆಗಳವರೆಲ್ಲ ಮೆಟ್ಟಿಲು ಹತ್ತಿ ಬರುತ್ತಿದ್ದರು, ಮುದುಕರು ಪದ್ಯ ಹೇಳುತ್ತಿದ್ದರು, ಮಕ್ಕಳು ಟೀವಿ ಬಿಟ್ಟು ಬಂದು ಕೂರುತ್ತಿದ್ದರು. ಈಗ, ಇನ್ನೊಂದು ದೂರು ಬಂದರೆ ಮನೆ ಖಾಲಿ ಮಾಡಿಸುತ್ತೇವೆ ಎಂದು ಹೆದರಿಸಿದ್ದಾರೆ. ಫೋನು ಮಾಡಿ ಕರೆದರೆ ಜನ ‘ನೋಡೋಣ’ ಎನ್ನುತ್ತಾರೆ. ಮಕ್ಕಳು ಟೀವಿಗೆ ವಾಪಸಾಗಿದ್ದಾರೆ.

ಅಂದರೆ ಅಷ್ಟೂ ಶನಿವಾರ ಅವರು ನನ್ನನ್ನೂ ಕರೆಯುತ್ತಿದ್ದರು. ನಾನು —

ಬಟ್ಟೆ ಮಡಚುತ್ತ, ‘ಯಾರು ದೂರು ಕೊಟ್ಟದ್ದು?’ ಎಂದು ಕೇಳಿದೆ. ಇದನ್ನು ಕೇಳಿದ್ದಕ್ಕೆ ನನಗೆ ಇನ್ನೂ ನಾಚಿಕೆಯಾಗುತ್ತದೆ.

‘ಪಕ್ಕದ ಮನೆಯ ಯೂಸುಫ್. ನಮ್ಮೂರವನೇ! ಮಾವನಿಗೆ ಮೊದಲೇ ಹೇಳುತ್ತಿದ್ದ, ಇದು ಕೆನಡಾ ಮುದುಕಾ, ಪ್ಯಾಕೆಟ್ಟಲ್ಲಿ ಪುಡಿ ಸಿಗುತ್ತೆ ಅಂತ. ಈಗ ಅವರಿಬ್ಬರಿಗೂ ಮಾತಿಲ್ಲ.’ ಆಮೇಲೆ ನಕ್ಕಳು. ‘ಕೆಳಗಿನ ಮನೆಯವರಿರಬಹುದು ಅಂತ ನಾನಂದೆ. ಅಂದರೆ ನೀನು! ಮಾವ ಬೈದರು. ಅವರು ಇಂಡಿಯಾದವರು, ಕುಟ್ಟೋ ಸದ್ದು ಅವರಿಗೆ ಗೊತ್ತು ಅಂದರು.’

ಬಾಯಿ ತೆರೆಯಬೇಕಿದ್ದ ಹೊತ್ತು ಅದು. ನಾನು ಕಾಲುಚೀಲಗಳ ಜೋಡಿ ಹುಡುಕುತ್ತಿದ್ದೆ.

ಅವಳು ಅವತ್ತೇ ನನ್ನನ್ನು ಮೇಲಕ್ಕೆ ಎಳೆದುಕೊಂಡು ಹೋದಳು. ಅಬು ನಬೀಲ್ ಎತ್ತರದ ಮುದುಕರು. ನಾನೂ ಹನಾನಳ ಹಾಗೆ ಅವರನ್ನು ಅಮ್ಮೋ ಎಂದು ಕರೆದೆ, ಅಂದರೆ ಚಿಕ್ಕಪ್ಪ. ಅವರು ನನ್ನನ್ನು ಬಿಂತಿ ಎಂದರು, ಮಗಳೇ ಎಂದು. ಮೂಲೆಯಲ್ಲಿ ಮೊಣಕಾಲೆತ್ತರದ ಕೆತ್ತನೆಯ ಒರಳಿತ್ತು. ಅದರ ಬಾಯಿಗೆ ಪ್ಲಾಸ್ಟಿಕ್ ಗಿಡದ ಕುಂಡ ಕೂರಿಸಿದ್ದರು. ಹಿಡಿಯಿಲ್ಲದ ಪುಟ್ಟ ಬಟ್ಟಲಲ್ಲಿ ಅಂಗಡಿ ಪುಡಿಯ ಕಾಫಿ ಕೊಟ್ಟರು. ಕುಡಿದೆ, ಮತ್ತೆ ಸುರಿದರು. ಬೇಡವೆನ್ನಲು ಸಂಕೋಚ, ಕುಡಿದೆ, ಮತ್ತೆ ಸುರಿದರು. ಹನಾನ್ ಹೊಟ್ಟೆ ಹಿಡಿದುಕೊಂಡು ನಕ್ಕಳು. ‘ಬಟ್ಟಲು ಅಲ್ಲಾಡಿಸು, ಹುಚ್ಚಿ! ಅಲ್ಲಾಡಿಸದಿದ್ದರೆ ಬೆಳಗಿನ ತನಕ ಸುರೀತಾರೆ.’

ಇನ್ನೊಂದು ಪದ್ಧತಿಯನ್ನೂ ಅವತ್ತೇ ಹೇಳಿದಳು. ಏನಾದರೂ ಕೇಳಿಕೊಳ್ಳಲು ಬಂದ ಅತಿಥಿ ಕಾಫಿ ಮುಟ್ಟುವುದಿಲ್ಲ, ತುಂಬಿದ ಬಟ್ಟಲನ್ನು ಕೆಳಗಿಡುತ್ತಾನೆ. ಅವನು ಕೇಳಿದ್ದನ್ನು ಕೊಟ್ಟು ಕುಡಿಸದಿದ್ದರೆ ಮನೆಯವರ ಮಾನ ಹೋಗುತ್ತದೆ. ‘ನನ್ನನ್ನು ಕೇಳಲು ಬಂದಾಗ ಮಾವ ಹಾಗೇ ಬಟ್ಟಲು ಇಟ್ಟರು. ನಮ್ಮಪ್ಪ, ಕುಡೀರಿ, ಹುಡುಗಿ ನಿಮ್ಮವಳು ಅಂದುಬಿಟ್ಟ. ನನ್ನನ್ನೊಂದು ಮಾತು ಕೇಳಲಿಲ್ಲ ನೋಡು!’

ಆ ವಾರ ಅವ್ವನಿಗೆ ಫೋನು ಮಾಡಿದಾಗ ಒರಳಿನ ಸಂಗತಿ ಹೇಳಿದೆ, ದೂರಿನದನ್ನು ಬಿಟ್ಟು. ಅವಳಿಗೆ ನಗು ತಡೆಯಲಿಲ್ಲ. ‘ಕುಟ್ಟೂ ಸದ್ದ ಕೇಳಿ ಮಂದಿ ಬರ್ತಾರಂತ? ನಾ ಕುಟ್ಟಾಕ ನಿಂತ್ರ ಸೀನಕೋಂತ ಓಣಿ ಮಂದೆಲ್ಲಾ ಓಡಿ ಹೊಕ್ಕಿದ್ರಲ್ಲವಾ!’

ಅದಾದ ಮೂರನೆಯ ಬೇಸಿಗೆಗೆ ನನ್ನ ಪದವಿ ಮುಗಿಯಿತು. ಕಪ್ಪು ಗೌನು ತೊಟ್ಟು ಮನೆಗೆ ಬಂದ ಮಧ್ಯಾಹ್ನ ಲಿಫ್ಟಿನಿಂದ ಹೊರಬರುವಾಗಲೇ ಕೇಳಿಸಿತು. ಮರದ ಮೇಲೆ ಮರ. ಮೆಟ್ಟಿಲು ಹತ್ತಿ ಓಡಿದೆ. ಅಮ್ಮೋ ಗಿಡವನ್ನು ಕಿತ್ತೆಸೆದು, ಒರಳಿನ ಕೆಳಗೆ ರಜಾಯಿ ಮಡಚಿಟ್ಟು, ಕುರ್ಚಿಯ ಮೇಲೆ ಕೂತು ಬೆವರುತ್ತ ಕುಟ್ಟುತ್ತಿದ್ದರು.

‘ಅಮ್ಮೋ, ಬೇಡ. ಮನೆ ಖಾಲಿ ಮಾಡಿಸ್ತಾರೆ.’

‘ಮಾಡಿಸಲಿ! ಬಿಂತಿ ಡಿಗ್ರಿ ತಂದಿದ್ದಾಳೆ. ಇವತ್ತು ಮಿಹ್ಬಾಜ್ ಮಾತಾಡದಿದ್ದರೆ ಇನ್ಯಾವತ್ತು?’ ಆಮೇಲೆ ಪಕ್ಕದ ಗೋಡೆಯ ಕಡೆ ತಿರುಗಿ, ‘ಕೇಳಿಸಿತೇನೋ ಯೂಸುಫ್? ಹೋಗು, ದೂರು ಹೇಳು!’

ಯಾವ ಪದವಿಗಾಗಿ ಆ ಸದ್ದನ್ನು ನಿಲ್ಲಿಸಿದೆನೆಂದು ನನಗೆ ನಾನೇ ನಂಬಿಸಿಕೊಂಡಿದ್ದೆನೋ, ಅದೇ ಪದವಿಗಾಗಿ ಆ ಮನುಷ್ಯ ಇರುವ ಮನೆಯನ್ನೇ ಪಣಕ್ಕಿಟ್ಟಿದ್ದರು. ನಾನು ಬಟ್ಟಲು ಎತ್ತಿದೆ. ಕುಡಿದೆ. ಅಲ್ಲಾಡಿಸಿದೆ. ಹೇಳಲಿಲ್ಲ. ಮರುದಿನ ಗಿಡ ಮತ್ತೆ ಒರಳಿನ ಮೇಲೆ ಬಂತು. ಹಾಗೇ ವರ್ಷಗಳು ಹೋದವು. ಹನಾನಳ ಕೈಯಲ್ಲಿದ್ದ ಆ ಮಗು ಶಾಲೆಗೆ ಸೇರಿ, ಅರಬ್ಬಿಯಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವಷ್ಟು ದೊಡ್ಡವನಾದ.

ಎರಡು ಸಾವಿರ ದಾಟಿದ ಮೇಲೆ ನನಗೆ ಹತ್ತಿರದ ಕಮ್ಯೂನಿಟಿ ಸೆಂಟರಿನಲ್ಲಿ ಕೆಲಸ ಸಿಕ್ಕಿತು. ಹಾಲ್‌ಗಳನ್ನು ಯಾರಿಗೆ, ಯಾವಾಗ ಕೊಡಬೇಕೆಂದು ನೋಡುವುದು, ಜನರ ದೂರು ಕೇಳುವುದು. ನೆಲಮಹಡಿಯ ಹಾಲ್ ಶನಿವಾರ ಮಧ್ಯಾಹ್ನ ಖಾಲಿ ಇತ್ತು. ‘ಕಾಫಿ ಕುಟ್ಟೋದೂ ಒಂದು ಪ್ರೋಗ್ರಾಮಾ?’ ಎಂದು ಮ್ಯಾನೇಜರ್ ನಕ್ಕರು. ‘ಬನ್ನಿ, ಕೇಳಿ, ಆಮೇಲೆ ನಗಿ’ ಎಂದೆ. ಹೀಗೆ ಮಾತಾಡಲು ನನಗೆ ಕಲಿಸಿದ್ದು ಆ ಪದವಿಯೇ. ಅಮ್ಮೋ ಒಪ್ಪಲಿಲ್ಲ, ಮತ್ತೆ ಯಾರಾದರೂ ದೂರು ಕೊಟ್ಟಾರು ಎಂಬ ಭಯ. ‘ಆ ಹಾಲ್ ಕೆಳಗೆ ಯಾವ ಮನೆಯೂ ಇಲ್ಲ ಅಮ್ಮೋ. ಬರೀ ಮಣ್ಣು’ ಎಂದೆ. ನಬೀಲ್ ಊರಿಗೆ ಹೋದಾಗ ಮಕ್ಕಳಿಗೆಂದು ಸೂಟ್‌ಕೇಸಿನಲ್ಲಿ ಸಣ್ಣ ಒರಳುಗಳನ್ನು ತಂದ.

ಮೊದಲ ಶನಿವಾರ ಹಾಲ್‌ನಲ್ಲಿ ಇದ್ದವರು ಅವರ ಮನೆಯವರು, ನಾನು, ಬಸವರಾಜ, ಶಾಲೆಯ ಕೆಲವು ಮಕ್ಕಳು. ಅಮ್ಮೋ ಕುಟ್ಟಲು ಶುರು ಮಾಡಿದರು. ಮೊದಲು ಕೈ ತಡವರಿಸಿತು, ಆಮೇಲೆ ಹಿಡಿತಕ್ಕೆ ಬಂತು. ನಾನು ಎದ್ದು ಹೋಗಿ ಪಾರ್ಕಿಂಗ್ ಲಾಟಿನ ಕಡೆಯ ದೊಡ್ಡ ಬಾಗಿಲನ್ನು ಪೂರ್ತಿ ತೆರೆದು, ಕುರ್ಚಿ ಅಡ್ಡ ಇಟ್ಟೆ. ಸದ್ದು ಹೊರಗೆ ಹೋಯಿತು. ಮಾಲ್‌ನಿಂದ ದಿನಸಿ ಚೀಲ ಹಿಡಿದು ಬರುತ್ತಿದ್ದ ಒಬ್ಬ ಹೆಂಗಸು ನಿಂತಳು. ಹಿಂದೆಯೇ ಒಂದು ಸಂಸಾರ. ಒಬ್ಬ ಮುದುಕ ಚೀಲವನ್ನು ಅಲ್ಲೇ ನೆಲದ ಮೇಲಿಟ್ಟು ಕಣ್ಣೊರೆಸಿಕೊಂಡ. ನೋಡುತ್ತಿದ್ದ ಹಾಗೆ ಕುರ್ಚಿಗಳು ಸಾಲಲಿಲ್ಲ.

ಆಗ ಯೂಸುಫ್ ಬಂದರು. ಒಳಗೆ ಬರಲಿಲ್ಲ, ಹೊಸ್ತಿಲಲ್ಲಿ ನಿಂತರು. ಅಮ್ಮೋ ಅವರನ್ನು ನೋಡಿ ಕುಟ್ಟುವುದನ್ನು ನಿಲ್ಲಿಸಿ ಬೆನ್ನು ತಿರುಗಿಸಿದರು. ಯೂಸುಫ್ ಟೋಪಿ ಸರಿಮಾಡಿಕೊಂಡು ಹಿಂದಿರುಗಲು ಹೊರಟರು.

ಕಾಫಿ ನನ್ನ ಕೈಗೆ ಬಂದಿತ್ತು. ತುಂಬಿದ ಬಟ್ಟಲನ್ನು ಹಾಗೇ ನೆಲದ ಮೇಲಿಟ್ಟೆ.

ಎಲ್ಲರೂ ಬಟ್ಟಲಿನ ಕಡೆ ತಿರುಗಿದರು. ಅಲ್ಲಿದ್ದ ದೊಡ್ಡವರಿಗೆಲ್ಲ ಅದರ ಅರ್ಥ ಗೊತ್ತಿತ್ತು. ಅಮ್ಮೋ ನಕ್ಕರು. ‘ಕುಡಿ ಬಿಂತಿ. ಏನು ಬೇಕೋ ಕೊಟ್ಟೆ.’

‘ಮೊದಲು ಕೇಳಿ. ಯೂಸುಫರನ್ನು ಒಳಗೆ ಕರೆಯಿರಿ. ದೂರು ಕೊಟ್ಟದ್ದು ಅವರಲ್ಲ. ನಾನು.’

ಅವರಿಗೆ ತಿಳಿಯಲಿಲ್ಲ. ಮತ್ತೆ ಹೇಳಿದೆ. ಹನಾನ್ ಅರಬ್ಬಿಯಲ್ಲಿ ಹೇಳಲು ಹೊರಟು ಅರ್ಧಕ್ಕೇ ನಿಂತಳು. ಅಮ್ಮೋ ನನ್ನ ಕಡೆ ತಿರುಗಿದರು.

‘ಯಾಕೆ? ಓದಲಿಕ್ಕೆ ತೊಂದರೆ ಆಯಿತಾ?’

ಹೌದು ಎನ್ನಬಹುದಿತ್ತು. ಅವರೇ ದಾರಿ ಮಾಡಿಕೊಟ್ಟಿದ್ದರು. ‘ಇಲ್ಲ’ ಎಂದೆ. ‘ನಮ್ಮ ತಾಯಿ ಮಂದಿಯ ಮನೆಯಲ್ಲಿ ಖಾರ ಕುಟ್ಟುತ್ತಿದ್ದಳು. ಆ ಸದ್ದು ಯಾರಿಗೂ ಕೇಳಿಸಬಾರದು ಅನ್ನಿಸಿತ್ತು. ನನಗೂ.’

ಮೊದಲು ಬಾಯಿಬಿಟ್ಟವರು ಹೊಸ್ತಿಲಲ್ಲಿದ್ದ ಯೂಸುಫ್. ‘ದೂರು ಕೊಡಬೇಕು ಅಂತ ನಾನೂ ಎಷ್ಟೋ ಸಲ ಅಂದುಕೊಂಡೆ. ಧೈರ್ಯ ಬರಲಿಲ್ಲ. ಈ ಹುಡುಗಿಗೆ ಬಂತು ನೋಡು!’ ಹಾಲ್ ಪೂರ್ತಿ ನಗೆ. ಅವರೂ ನಕ್ಕರು. ಆಮೇಲೆ ಯೂಸುಫ್ ಒಳಗೆ ಅಮ್ಮೋ ಅವರ ಹತ್ತಿರ ಬಂದು, ನಗೆ ಇಲ್ಲದ ದನಿಯಲ್ಲಿ ಒಂದು ಮಾತು ಹೇಳಿದರು. ಹನಾನ್ ಅದನ್ನು ನನಗೆ ಇಂಗ್ಲಿಷಿಗೆ ತಿರುಗಿಸಬಾರದೆಂದೇ ಇದ್ದಳು, ನಾನು ಬಿಡಲಿಲ್ಲ. ‘ನನ್ನ ಹೆಂಡತಿ ತೀರಿಕೊಂಡಾಗ ನೀನು ನಮ್ಮ ಮನೆಯ ಕಾಫಿಗೆ ಬರಲಿಲ್ಲ.’ ಅಮ್ಮೋ ಯೂಸುಫರ ಹೆಗಲಿಗೆ ತಲೆಯಿಟ್ಟರು. ಅವರಿಬ್ಬರೂ ನನ್ನ ಕಡೆ ನೋಡಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಅಮ್ಮೋ ಕಣ್ಣೊರೆಸಿಕೊಂಡು ನನ್ನ ಮುಂದೆ ಬಂದು ನಿಂತರು. ನೆಲದ ಮೇಲಿದ್ದ ಬಟ್ಟಲನ್ನೆತ್ತಿ ನನಗೆ ಕುಡಿಸಿ, ಕುಟ್ಟುವ ಕೋಲನ್ನು ನನ್ನ ಕೈಗೆ ಕೊಟ್ಟರು.

‘ಕುಟ್ಟುವವಳ ಮಗಳು ನೀನು! ಅಷ್ಟೂ ಶನಿವಾರ ನನ್ನೊಬ್ಬನನ್ನೇ ಬೆವರು ಸುರಿಸಲು ಬಿಟ್ಟೆಯಲ್ಲ?’

ಕೂತು ಕುಟ್ಟಲು ನನಗೆ ಬರಲಿಲ್ಲ. ಎದ್ದು ನಿಂತೆ. ಸೆರಗು ಸೊಂಟಕ್ಕೆ ಸಿಕ್ಕಿಸಿದೆ, ಅವ್ವನ ಹಾಗೆ. ಕೋಲು ಎತ್ತಿದಾಗ ತೋಳಿಗೆ ಎಲ್ಲ ನೆನಪಿತ್ತು. ಯಾರೂ ನನಗೆ ಕಲಿಸಿರಲಿಲ್ಲ, ಗೋಡೆಯ ಕಡೆ ಮುಖ ಮಾಡಿ ಕೂತೇ ಕಲಿತುಬಿಟ್ಟಿದ್ದೆ. ಎದುರಿನ ಸಣ್ಣ ಒರಳಿಗೆ ಅಮ್ಮೋ ಕೂತರು. ನನ್ನದು ಏಳುವಾಗ ಅವರದು ಬೀಳುವಂತೆ. ಅವರ ತಾಳಕ್ಕೆ ಅದು ಪೂರ್ತಿ ಹೊಂದಲಿಲ್ಲ. ಮಕ್ಕಳು ಚಪ್ಪಾಳೆ ಹೊಡೆದು ಹೊಂದಿಸಿಕೊಂಡರು. ‘ಆಹಾ, ಬ್ಯಾಡಗಿ ಬಂತೋ!’ ಎಂದು ಬಸವರಾಜ ಹಿಂದಿನಿಂದ ಕೂಗಿದ. ಬರಲಿ. ಎಲ್ಲರಿಗೂ ಕೇಳಿಸಲಿ.

ಆ ಹಾಲ್ ಈಗ ಶನಿವಾರ ಖಾಲಿ ಇರುವುದಿಲ್ಲ. ಇಲ್ಲಿ ಹುಟ್ಟಿದ ಹುಡುಗ ಹುಡುಗಿಯರು ಅಜ್ಜನ ತಾಳ ಕುಟ್ಟುತ್ತಾರೆ, ಪದ್ಯ ಹೇಳುತ್ತಾರೆ, ಬಟ್ಟಲು ಅಲ್ಲಾಡಿಸಲು ಮರೆತ ಹೊಸಬರನ್ನು ಕಂಡು ನಗುತ್ತಾರೆ. ಹನಾನಳ ದೊಡ್ಡ ಮಗ ಮಾತ್ರ ಕಲಿಯಲಿಲ್ಲ. ಕಿವಿಗೆ ತಾಳ ಕೂರುವ ವಯಸ್ಸಿನಲ್ಲಿ ಅವನ ಮನೆಯ ಒರಳಿನ ಮೇಲೆ ಪ್ಲಾಸ್ಟಿಕ್ ಗಿಡವಿತ್ತು. ಅದನ್ನು ನಾನು ತಿರುಗಿ ಕೊಡಲಾರೆ. ಯೂಸುಫರ ಮನೆಯಲ್ಲಿ ಆರಿದ ಆ ಕಾಫಿಯನ್ನೂ.

ನಾನು ಮಾಡಬಹುದಾದದ್ದು ಇಷ್ಟೇ. ಊಟಕ್ಕೆ ಹೋದ ಮನೆಗಳಲ್ಲಿ ಯಾರಾದರೂ ಕೇಳಿದರೆ, ನಮ್ಮವ್ವ ಖಾರ ಕುಟ್ಟುತ್ತಿದ್ದಳು ಎನ್ನುತ್ತೇನೆ. ಶನಿವಾರ ಮಧ್ಯಾಹ್ನ, ಎಂಥ ಚಳಿಯಿದ್ದರೂ, ಆ ದೊಡ್ಡ ಬಾಗಿಲನ್ನು ನಾನೇ ತೆರೆದು ಕುರ್ಚಿ ಅಡ್ಡ ಇಡುತ್ತೇನೆ. ಸದ್ದು ಹೆಚ್ಚಾಯಿತೆಂದು ಯಾರಾದರೂ ದೂರು ತಂದರೆ ಅದು ನನ್ನ ಮೇಜಿಗೇ ಬರಬೇಕು. ಬಂದವರ ಹೆಸರು ಕೇಳುವುದಿಲ್ಲ. ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ, ಬಟ್ಟಲು ಕೊಟ್ಟು, ಪಕ್ಕದಲ್ಲಿ ಕೂರುತ್ತೇನೆ.