ಬಿಗಿ ಹಿಡಿ ಅಂದಿದ್ದು ನಾನೇ

ಪಾಂಡವಪುರದ ಕಾಲೇಜೊಂದರಲ್ಲಿ ನಾನು ಆಟದ ಮೇಷ್ಟ್ರು. ನೇಮಕದ ಕಾಗದದಲ್ಲಿ ಹುದ್ದೆಗೆ ಉದ್ದನೆಯ ಹೆಸರಿದೆ. ಕಾಲೇಜಿನವರಿಗೂ ಎದುರಿನ ಟೀ ಅಂಗಡಿಯವರಿಗೂ ಮಾತ್ರ ಪಿ.ಟಿ. ಮೇಷ್ಟ್ರು. ಮನೆ ಶ್ರೀರಂಗಪಟ್ಟಣದಲ್ಲಿ, ದಿನಾ ಬೈಕಿನಲ್ಲಿ ಬಂದು ಹೋಗುತ್ತೇನೆ. ಆಡಿ ಬೆಳೆದದ್ದು ಕ್ರಿಕೆಟ್ಟು. ನಾಲ್ಕು ವರ್ಷದ ಹಿಂದೆ ಪ್ರಿನ್ಸಿಪಾಲರು ಕರೆದು, ಈ ಸಲ ಹುಡುಗಿಯರ ಬೇಸ್‌ಬಾಲ್ ತಂಡ ಕಟ್ಟಿ ಅಂದಾಗ ನಾನು ಆ ಆಟವನ್ನು ಫೋನಿನಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿರಲಿಲ್ಲ. ಆಗಲ್ಲ ಅನ್ನುವುದಕ್ಕೆ ನಾಚಿಕೆಯಾಗಿ ಆಗಲಿ ಸಾರ್ ಅಂದೆ.

ಎರಡು ಬ್ಯಾಟು, ಒಂದು ಡಜನ್ ಚೆಂಡು, ಹತ್ತು ಗ್ಲೌಸು ಬಂದವು. ಗ್ಲೌಸುಗಳಲ್ಲಿ ಮೂರು ಎಡಚರದ್ದು. ನಮ್ಮ ತಂಡದಲ್ಲಿ ಎಡಚರೇ ಇರಲಿಲ್ಲ. ರಾತ್ರಿ ಊಟವಾದ ಮೇಲೆ ವಿಡಿಯೋ ನೋಡಿಕೊಂಡು, ಬೆಳಿಗ್ಗೆ ಅದನ್ನೇ ಹುಡುಗಿಯರಿಗೆ ಹೇಳಿಕೊಡುತ್ತಿದ್ದೆ. ಬ್ಯಾಟಿನ ಹಿಡಿಯ ತುದಿಯ ಗುಬಟಿನ ಹತ್ತಿರ ಎಡಗೈ, ಅದಕ್ಕೆ ಅಂಟಿಕೊಂಡಂತೆ ಮೇಲೆ ಬಲಗೈ. ಎಡಗೈ ಬ್ಯಾಟನ್ನು ಎಳೆದು ತರುತ್ತದೆ, ಬಲಗೈ ಹಿಂದಿನಿಂದ ನೂಕುತ್ತದೆ. ಚೆಂಡು ತಾಗುವ ಹೊತ್ತಿಗೆ ಬಲ ಅಂಗೈ ಆಕಾಶ ನೋಡುತ್ತಿರಬೇಕು, ಎಡ ಅಂಗೈ ನೆಲ ನೋಡುತ್ತಿರಬೇಕು. ಚೆಂಡು ಬಿಟ್ಟು ಹೋದ ಮೇಲೆ ಎರಡೂ ಮುಂಗೈ ಹೊರಳಿ ಒಂದರ ಮೇಲೊಂದು ಬರುತ್ತವೆ. ಆ ಹೊರಳುವಿಕೆ ಒಂದು ಚೂರು ಮುಂಚೆ ಆಗಿಬಿಟ್ಟರೆ ಬ್ಯಾಟು ಚೆಂಡಿನ ನೆತ್ತಿಗೆ ಬಡಿದು ಚೆಂಡು ನೆಲಕ್ಕೆ ಕುಟ್ಟಿಕೊಂಡು ಉರುಳುತ್ತದೆ. ಇಷ್ಟನ್ನು ನಾನು ಬಾಯಿಪಾಠ ಮಾಡಿಕೊಂಡಿದ್ದೆ. ಕೈಯಲ್ಲಿ ಅದು ಹೇಗಿರುತ್ತದೆ ಅನ್ನುವುದು ನನಗೇ ತಿಳಿದಿರಲಿಲ್ಲ.

ತಂಡದಲ್ಲಿ ಚಿನಕುರಳಿಯಿಂದ ಬರುವ ಒಬ್ಬ ಹುಡುಗಿ ಇದ್ದಳು. ಎರಡನೇ ವರ್ಷದ ಬಿ.ಎ. ಮಾತು ಕಡಿಮೆ. ಬೆಳಿಗ್ಗೆ ಎರಡು ಹಸುವಿನ ಹಾಲು ಕರೆದು, ಕ್ಯಾನು ಹೊತ್ತು ಡೈರಿಗೆ ಹಾಕಿ, ಏಳೂವರೆಯ ಬಸ್ಸು ಹಿಡಿದು ಬರುತ್ತಿದ್ದಳು. ಆ ಹಾಲು ಕರೆದ ಮುಂಗೈಗಳನ್ನು ನೋಡಿಯೇ ನಾನು ಅವಳನ್ನು ತಂಡಕ್ಕೆ ಸೇರಿಸಿಕೊಂಡದ್ದು. ಮೊದಲ ವಾರದಲ್ಲೇ ಒಂದು ಚೆಂಡನ್ನು ಕಾಂಪೌಂಡಿನಾಚೆಯ ಕಬ್ಬಿನ ಗದ್ದೆಗೆ ಹಾಕಿದಳು. ಹುಡುಕಿ ಸಿಗಲಿಲ್ಲ. ಒಂದು ಡಜನ್ನು ಹನ್ನೊಂದಾಯಿತು. ನನಗೆ ಮಾತ್ರ ಬಹಳ ಖುಷಿಯಾಯಿತು.

ಎರಡನೆಯ ವಾರ ಅವಳು ಜೋರಾಗಿ ಬೀಸುವಾಗ ಬ್ಯಾಟು ಬೆವರಿದ ಕೈಯಿಂದ ಜಾರಿ ಗಿರಗಿರನೆ ತಿರುಗುತ್ತಾ ಹೋಗಿ, ನಿಲ್ಲಿಸಿದ್ದ ಪ್ರಿನ್ಸಿಪಾಲರ ಸ್ಕೂಟರಿನ ಕನ್ನಡಿ ಮುರಿಯಿತು. ಅಲ್ಲಿ ಯಾರಾದರೂ ನಿಂತಿದ್ದರೆ ಅಂತ ನೆನೆಸಿಕೊಂಡು ಹೆದರಿದೆ. ಎಲ್ಲರೆದುರಿಗೆ ಅವಳನ್ನು ಗದರಿದೆ. ಇನ್ನು ಮೇಲೆ ಉಸಿರು ಹೋದರೂ ಬ್ಯಾಟು ಬಿಡಬಾರದು, ಬಿಗಿ ಹಿಡಿ, ಇನ್ನೂ ಬಿಗಿ ಅಂತ ದಿನಾ ಕೂಗಿದೆ. ಬ್ಯಾಟು ಮತ್ತೆ ಜಾರಲಿಲ್ಲ. ಆದರೆ ಅವಳ ಆಟ ಕೆಟ್ಟಿತು. ಯಾವ ಚೆಂಡು ಹಾಕಿದರೂ ನೆಲಕ್ಕೆ ಕುಟ್ಟಿ ಎಡಕ್ಕೆ, ರನ್ನಿಗೆ ಓಡುವಾಗ ಮುಟ್ಟುವ ಮೂರನೇ ಬೇಸಿನ ಕಡೆಗೆ ಉರುಳುತ್ತಿತ್ತು. ಮುಂಗೈ ಬೇಗ ಹೊರಳುತ್ತಿದೆ ಅನ್ನುವುದು ನನಗೆ ಕಾಣುತ್ತಿತ್ತು. ಯಾಕೆ ಅನ್ನುವುದು ಕಾಣುತ್ತಿರಲಿಲ್ಲ. ಹೊರಳಿಸಬೇಡ ಅನ್ನುತ್ತಿದ್ದೆ. ಅವಳು ಹೂಂ ಸಾ ಅನ್ನುತ್ತಿದ್ದಳು. ಚೆಂಡು ಅಲ್ಲಿಗೇ ಹೋಗುತ್ತಿತ್ತು.

ಆಮೇಲೆ ಮೂರು ದಿನ ಅವಳು ಬರಲೇ ಇಲ್ಲ. ಕ್ಲಾಸಿಗೂ ಬಂದಿಲ್ಲ ಅಂತ ಜೊತೆಯವರು ಹೇಳಿದರು. ನಾಗಮಂಗಲದಲ್ಲಿ ನಾಲ್ಕು ಕಾಲೇಜುಗಳ ಪಂದ್ಯ ನಿಗದಿಯಾಗಿತ್ತು, ಐದು ವಾರವಷ್ಟೇ ಇತ್ತು. ಗದರಿದ್ದಕ್ಕೆ ಬೇಜಾರು ಮಾಡಿಕೊಂಡಳೇನೋ, ಮನೆಯಲ್ಲಿ ಆಟ ಬೇಡ ಅಂದರೇನೋ ಅಂತ ಯೋಚಿಸಿ, ನಾಲ್ಕನೆಯ ದಿನ ಸಂಜೆ ಬೈಕನ್ನು ಚಿನಕುರಳಿಯ ಕಡೆ ತಿರುಗಿಸಿದೆ.

ಮನೆ ಕೇಳಿಕೊಂಡು ಹೋದಾಗ ಹುಡುಗಿಯ ಅಮ್ಮ ಕೊಟ್ಟಿಗೆ ಗುಡಿಸುತ್ತಿದ್ದರು. ಹುಡುಗಿ ಜಗಲಿಯ ಮೇಲೆ ಕೂತಿದ್ದವಳು ನನ್ನನ್ನು ನೋಡಿ ಗಾಬರಿಯಾಗಿ ಎದ್ದು ನಿಂತಳು. ಬಲಗೈಯ ಹೆಬ್ಬೆರಳಿನಿಂದ ಮಣಿಕಟ್ಟಿನವರೆಗೆ ಬಟ್ಟೆ ಸುತ್ತಿತ್ತು. ಹೆಬ್ಬೆರಳ ಬುಡ ಊದಿ, ಲೋಟ ಎತ್ತಲೂ ಆಗುತ್ತಿರಲಿಲ್ಲವಂತೆ. ಡಾಕ್ಟರು ಕೈಗೆ ಹದಿನೈದು ದಿನ ಕೆಲಸ ಕೊಡಬೇಡ ಅಂದಿದ್ದರು. ಎರಡೂ ಹಸುವನ್ನು ಈಗ ಅಮ್ಮನೇ ಕರೆಯುತ್ತಿದ್ದರು. ನಾನು ಬೈಗುಳ ಕೇಳಲು ಸಿದ್ಧನಾಗಿ ನಿಂತೆ. ಆಕೆ ಬೈಯಲಿಲ್ಲ. ಕೂತ್ಕಳಿ ಅಂದು ಕುರ್ಚಿ ಹಾಕಿಸಿ, ಕಾಫಿ ಕೊಟ್ಟು, ಅದೇನು ಆಟ, ಕೈ ಇಂಗಾಗೋದು ಅಂತ ವಿಚಾರಿಸಿದರು.

ಗೋಡೆಗೆ ಒರಗಿಸಿದ್ದ ಸನಿಕೆಯ ಕಾವು ತೆಗೆದುಕೊಂಡು ತೋರಿಸಿದೆ. ಎಡಗೈ ಹೀಗೆ, ಬಲಗೈ ಹೀಗೆ, ಹೀಗೆ ಬೀಸಬೇಕು. ಆಕೆ ಕಾವನ್ನು ನೋಡಲಿಲ್ಲ, ನನ್ನ ಗೆಣ್ಣುಗಳನ್ನು ನೋಡುತ್ತಿದ್ದರು. ಗೆಣ್ಣುಗಳು ಬೆಳ್ಳಗಾಗಿದ್ದವು.

"ಯಾವಾಗ್ಲೂ ಅಷ್ಟು ಬಿಗೀನಾ ಮೇಷ್ಟ್ರೇ?"

ಹೌದು, ಇಲ್ಲದಿದ್ದರೆ ಜಾರುತ್ತದೆ ಅಂದೆ.

ಆಕೆ, ನೀವು ಹಾಲು ಕರೆದಿದ್ದೀರಾ ಅಂತ ಕೇಳಿದರು. ಕೆ.ಆರ್. ಪೇಟೆ ತಾಲ್ಲೂಕಿನ ನಮ್ಮ ಹುಟ್ಟೂರಿನ ಮನೆಯಲ್ಲಿ ನಾನು ಹುಟ್ಟುವ ಮೊದಲಿನಿಂದಲೂ ಹಸುಗಳಿವೆ. ಡೈರಿಗೆ ಕ್ಯಾನು ಸಾಗಿಸಿದ್ದೇನೆ, ಹುಲ್ಲು ಹೊತ್ತಿದ್ದೇನೆ. ಕರೆಯುತ್ತಿದ್ದದ್ದು ನಮ್ಮಮ್ಮ. ಒಂದು ದಿನವೂ ಕೆಚ್ಚಲಿಗೆ ಕೈ ಹಾಕಿದವನಲ್ಲ. ಇಲ್ಲ ಅಂದೆ. ಕರೆಯುವ ಹೊತ್ತಾಗಿತ್ತು. ಬನ್ನಿ ಅಂದರು.

ಪ್ಯಾಂಟು ಮಡಚಿಕೊಂಡು ಕುಕ್ಕರಗಾಲಿನಲ್ಲಿ ಕೂತೆ. ಹುಡುಗಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗು ತಡೆದುಕೊಳ್ಳುತ್ತಿದ್ದಳು. ತೊಟ್ಟು ಹಿಡಿದು ಹಿಸುಕಿದೆ. ಏನೂ ಬರಲಿಲ್ಲ. ಇನ್ನೂ ಜೋರಾಗಿ ಹಿಸುಕಿದೆ. ಹಸು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಬಾಲದಿಂದ ನನ್ನ ಮುಖಕ್ಕೆ ಬೀಸಿತು. ಎರಡು ನಿಮಿಷಕ್ಕೆಲ್ಲ ಮಣಿಕಟ್ಟಿನಿಂದ ಮೊಣಕೈವರೆಗೆ ಹುರಿ ಹಾಕಿದಂತೆ ನೋವು ಬಂತು.

ಆಕೆ ಪಕ್ಕದಲ್ಲೇ ಕೂತು ನನ್ನ ಮಣಿಕಟ್ಟಿನ ಮೇಲೆ ಎರಡು ಬೆರಳು ತಾಗಿಸಿದರು. "ಅಂಗೆ ಇಸುಕ್ಬಾರ್ದು ಮೇಷ್ಟ್ರೇ. ಈಗ್ಲೇ ಬಿಗಿ ಹಿಡಿದ್ರೆ ಹಸ ಸೊರೆ ಬುಡಾಕಿಲ್ಲ, ಹಾಲು ಇಳಿಸಾಕಿಲ್ಲ. ಮೊದ್ಲು ಸುಮ್ಕೆ ಬೆರ್ಳು ಸುತ್ಕಂಡಿರಿ. ಬಿಗಿ ಮಾಡೋದು ಹಾಲು ಇಳಿಯೋ ಗಳಿಗೇಲಿ ಒಂದೇ ಸಲ. ಆಮೇಲೆ ಮತ್ತೆ ಬುಟ್ಬುಡಿ. ಬುಡದಿದ್ರೆ ತೊಟ್ಟಿಗೆ ಮತ್ತೆ ಹಾಲು ಎಲ್ಲಿಂದ ಇಳೀಬೇಕು?"

ಅಂಗೈ ಒತ್ತದೆ ಬೆರಳುಗಳನ್ನಷ್ಟೇ ಸುತ್ತಿ ಕೂತೆ. ಹಸು ಮೆಲುಕು ಹಾಕಲು ಶುರುಮಾಡಿತು. ಆಗ ಮೇಲಿನ ಬೆರಳಿನಿಂದ ಒಂದೊಂದಾಗಿ ಕೆಳಕ್ಕೆ ಮಡಚಿದೆ. ದಾರದಷ್ಟು ಸಣ್ಣ ಧಾರೆ ಕೆಳಗಿಟ್ಟಿದ್ದ ಪಾತ್ರೆಯ ಅಂಚಿಗೆ ಬಡಿದು, ಅರ್ಧ ನನ್ನ ಕಾಲಿನ ಮೇಲೆ ಬಿತ್ತು. ಅಷ್ಟು ಹೊತ್ತು ತಡೆದಿದ್ದ ಹುಡುಗಿ ಜೋರಾಗಿ ನಕ್ಕುಬಿಟ್ಟಳು. ಅವರಮ್ಮನೂ ನಕ್ಕರು. ನನಗೂ ನಗು ಬಂತು. ಆದರೆ ನಗುವಿನ ನಡುವೆಯೇ ನನ್ನ ತಲೆ ಬೇರೆಡೆ ಓಡುತ್ತಿತ್ತು. ಬಿಗಿದ ಮುಂಗೈ ಬೀಸುವುದಿಲ್ಲ. ಬಿಗಿದ ಎರಡು ಕೈಗಳಲ್ಲಿ ಬಲವಾದದ್ದು ಇನ್ನೊಂದನ್ನು ಮುಂಚೆಯೇ ಹೊರಳಿಸಿಬಿಡುತ್ತದೆ. ಅವಳ ಬಲಗೈ ಬಲವಾದದ್ದು. ಮೊದಲ ಕ್ಷಣದಿಂದ ಕೊನೆಯವರೆಗೆ ಹಿಸುಕಿ ಹಿಡಿ ಅಂತ ಮೂರು ವಾರ ಕೂಗಿದವನು ನಾನು. ಕೆಟ್ಟ ಆಟವೂ ಊದಿದ ಹೆಬ್ಬೆರಳೂ ಎರಡೂ ನನ್ನ ಬಾಯಿಂದಲೇ ಬಂದಿದ್ದವು.

ಶ್ರೀರಂಗಪಟ್ಟಣಕ್ಕೆ ವಾಪಸು ಬರುವಾಗ ಆಕ್ಸಿಲರೇಟರ್ ಹಿಡಿದ ಕೈ ಇನ್ನೂ ನೋಯುತ್ತಿತ್ತು. ಮನೆ ಸೇರಿ ಊರಿಗೆ ಫೋನು ಮಾಡಿ ಅಮ್ಮನಿಗೆ ವಿಷಯ ಹೇಳಿದೆ. ಎಷ್ಟು ಹಾಲು ಬಂತು ಅಂತ ಕೇಳಿದಳು. ಕಾಲು ಲೋಟ ಅಂದೆ. ನಾಳೆ ಕಾಫಿಗಾದರೂ ಆಗುತ್ತೆ ಅಂದು ನಕ್ಕಳು. ಇಷ್ಟು ವರ್ಷ ಎರಡು ಹೊತ್ತೂ ಕರೆದ ಅವಳ ಕೈ ನೋಯುತ್ತಿತ್ತಾ ಅಂತ ನಾನು ಮೊದಲ ಸಲ ಕೇಳಿದೆ. ನೋಯ್ತಿತ್ತಪ್ಪ, ಆಮೇಲೆ ನೋಯಲಿಲ್ಲ ಅಂದಳು.

ಹದಿನೈದು ದಿನ ಹುಡುಗಿಯ ಕೈಗೆ ಬ್ಯಾಟು ಕೊಡಲಿಲ್ಲ. ಬಂದು ಸ್ಕೋರು ಬರೆದುಕೊಂಡು ಕೂರುತ್ತಿದ್ದಳು. ಅಷ್ಟರಲ್ಲಿ ಬ್ಯಾಟಿನ ಹಿಡಿಗೆ ಸೈಕಲ್ ಅಂಗಡಿಯಿಂದ ಒರಟು ಟೇಪು ತಂದು ಸುತ್ತಿದೆ. ಜಾರದಂತೆ ಮಾಡಲು ಅಷ್ಟೇ ಸಾಕಾಗಿತ್ತು. ಮೊದಲ ದಿನವೇ ತೋಚಬೇಕಿದ್ದದ್ದು. ಎದೆಮಟ್ಟದ ಪೈಪು ನೆಟ್ಟು, ಅದರ ಬಾಯಿಗೆ ಟ್ಯೂಬಿನ ತುಂಡು ಸಿಕ್ಕಿಸಿ, ಮೇಲೆ ಚೆಂಡಿಟ್ಟು ಹೊಡೆಯಲು ಏರ್ಪಾಟು ಮಾಡಿದೆ.

ಅವಳು ಮತ್ತೆ ಬ್ಯಾಟು ಹಿಡಿದ ದಿನ ಎಲ್ಲರನ್ನೂ ಸುತ್ತ ಕೂರಿಸಿದೆ. ಗದರಿದ್ದು ಎಲ್ಲರೆದುರಿಗೆ, ಹಾಗಾಗಿ ಇದೂ ಎಲ್ಲರೆದುರಿಗೇ ಆಗಬೇಕು ಅನ್ನಿಸಿತ್ತು. ಬಿಗಿ ಹಿಡಿ ಅಂದಿದ್ದು ನನ್ನ ತಪ್ಪು, ಅದರಿಂದ ಇವಳ ಕೈ ಕೆಟ್ಟಿತು, ಇನ್ನು ಮೇಲೆ ಯಾರೂ ಹಾಗೆ ಹಿಡಿಯಬೇಡಿ ಅಂದೆ. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿದರು.

ಅವಳು ನೆಲ ನೋಡುತ್ತಾ, "ನಂಗ್ ಗೊತ್ತಾಗಿತ್ತು ಸಾ" ಅಂದಳು.

"ಗೊತ್ತಾಗಿದ್ರೆ ಯಾಕಮ್ಮ ಹೇಳ್ಲಿಲ್ಲ?"

"ನೀವೇ ಹೇಳ್ದಮ್ಯಾಕೆ ಸರಿಯಾಗೇ ಇರ್ತದೆ ಅನ್ಕಂಡೆ."

ಆ ಮಾತು ನನಗೆ ಕನ್ನಡಿ ಮುರಿದದ್ದಕ್ಕಿಂತ ಜೋರಾಗಿ ಕೇಳಿಸಿತು. ಅವತ್ತಿನಿಂದ ಒಂದು ಪದ್ಧತಿ ಮಾಡಿದೆ: ಕೈಯಲ್ಲಿ ಏನಾಗುತ್ತಿದೆ ಅಂತ ಪ್ರತಿಯೊಬ್ಬಳೂ ಆಟ ಮುಗಿದ ಮೇಲೆ ನನಗೆ ಹೇಳಬೇಕು. ಮೊದಮೊದಲು ಚೆನ್ನಾಗಿದೆ ಸಾ ಅನ್ನುತ್ತಿದ್ದರು. ಬರುಬರುತ್ತಾ ಬಾಯಿ ಬಿಟ್ಟರು.

ಪೈಪಿನ ಮೇಲಿನ ಮೊದಲ ಚೆಂಡನ್ನು ಅವಳು ಹೊಡೆಯಲೇ ಇಲ್ಲ, ಪೈಪನ್ನೇ ಬೀಳಿಸಿದಳು. ಎರಡನೆಯದು ನೆಲಕ್ಕೆ. ಬೆರಳು ಸಡಿಲ ಬಿಟ್ಟು ನಿಲ್ಲುವುದು ಅವಳಿಗೆ ಹೆದರಿಕೆ. ಬ್ಯಾಟು ಹಾರಿಹೋಗುತ್ತೆ ಅನ್ನುವ ಭಯ ಇನ್ನೂ ಇತ್ತು. ನಾನು ಸ್ಕೂಟರು ದೂರ ಇದೆ, ಹೊಡಿ ಅಂದೆ. ಎಲ್ಲರೂ ನಕ್ಕರು, ಅವಳೂ ನಕ್ಕಳು. ಐದನೆಯದೋ ಆರನೆಯದೋ ಚೆಂಡಿಗೆ ಬ್ಯಾಟು ಬಂದು ತಾಗಿದ ಸದ್ದೇ ಬೇರೆಯಾಗಿತ್ತು. ತೆಂಗಿನಕಾಯಿ ಸರಿಯಾಗಿ ಹೋಳಾದ ಸದ್ದು. ಚೆಂಡು ನೆಲ ಮುಟ್ಟದೆ ನೇರಕ್ಕೆ ಎರಡನೇ ಬೇಸಿನ ಮೇಲೆ ಹಾದು ಗೋಡೆಗೆ ಬಡಿಯಿತು. ಅವಳ ಎರಡೂ ಮುಂಗೈ ಆಮೇಲೆ, ತಮ್ಮಷ್ಟಕ್ಕೆ ತಾವೇ ಹೊರಳಿ ಭುಜದ ಮೇಲೆ ಬಂದು ನಿಂತವು. ಕೈಯಲ್ಲಿ ಏನಾಯ್ತು ಅಂತ ಕೇಳಿದೆ. ಸ್ವಲ್ಪ ಯೋಚನೆ ಮಾಡಿ, ಏನೂ ಆಗ್ಲಿಲ್ಲ ಸಾ, ಜುಮ್ ಅನ್ಲೇ ಇಲ್ಲ ಅಂದಳು.

ನಾಗಮಂಗಲದ ಪಂದ್ಯಕ್ಕೆ ಬಸ್ಸಿನಲ್ಲಿ ಹೋದೆವು. ನಮ್ಮ ಎದುರಾಳಿ ಕೆ.ಆರ್. ಪೇಟೆಯ ತಂಡ, ಎರಡು ವರ್ಷದಿಂದ ಆಡುತ್ತಿದ್ದವರು. ಮೊದಲ ಸಲ ಅವಳು ಮೂರು ಚೆಂಡಿಗೂ ಗಾಳಿಗೆ ಬೀಸಿ ಔಟಾಗಿ ಬಂದು ಕೂತಳು. ನೀರಿನ ಬಾಟಲಿ ಕೊಟ್ಟೆ. ಎರಡನೇ ಸಲ ಹೋದಾಗ ಎರಡು ಬೇಸಿನಲ್ಲಿ ನಮ್ಮವರಿದ್ದರು. ಒಳಕ್ಕೆ ಬಂದ ಚೆಂಡನ್ನು ಇಬ್ಬರು ಫೀಲ್ಡರುಗಳ ನಡುವೆ ತೂರಿಸಿದಳು. ಬೇಸಿನಲ್ಲಿದ್ದ ನಮ್ಮವರಿಬ್ಬರೂ ಓಡಿ ಹೋಮ್ ಬೇಸು ಮುಟ್ಟಿದರು, ಎರಡು ರನ್ನು. ಅವಳು ಎರಡನೇ ಬೇಸಿನಲ್ಲಿ ಧೂಳೆಬ್ಬಿಸಿ ಜಾರಿ ನಿಂತು, ಪ್ಯಾಂಟಿನ ಮಣ್ಣು ಕೊಡವಿಕೊಳ್ಳುತ್ತಾ ಎಲ್ಲರಿಗೂ ಕೇಳುವಷ್ಟು ಜೋರಾಗಿ ಕೂಗಿದಳು: "ಮುಂದಿನೋಳು ಬಾರೇ, ಬೆರ್ಳು ಸಡ್ಲ ಬುಟ್ಕಂಡು ನಿಂತ್ಕ." ಮಾತು ಕಡಿಮೆ ಅಂದುಕೊಂಡಿದ್ದ ಹುಡುಗಿ.

ಪಂದ್ಯ ಮೂರು ರನ್ನಿನಿಂದ ಸೋತೆವು. ಬಸ್‌ಸ್ಟ್ಯಾಂಡಿನಲ್ಲಿ ಚುರುಮುರಿ ತಿನ್ನುತ್ತಾ, ಯಾರು ಕ್ಯಾಚು ಬಿಟ್ಟಿದ್ದು ಅಂತ ಜಗಳವಾಡಿಕೊಂಡು, ಬಸ್ಸು ಬರುವಷ್ಟರಲ್ಲಿ ರಾಜಿಯಾದರು. ಸೋತು ಬರುವ ತಂಡ ಇಷ್ಟು ಗದ್ದಲ ಮಾಡಿದ್ದನ್ನು ನಾನು ನೋಡಿರಲಿಲ್ಲ. ಕಂಡಕ್ಟರು ಗೆದ್ದಿರಾ ಅಂತ ಕೇಳಿದರು.

ಸೋಮವಾರ ಬೆಳಿಗ್ಗೆ ಮೈದಾನಕ್ಕೆ ಬಂದಾಗ ಹನ್ನೊಂದು ಜನರ ಬದಲು ಹದಿನಾರು ಜನ ಇದ್ದರು. ಹೊಸಬರಲ್ಲಿ ಒಬ್ಬಳು ಎಡಚಿ. ಆ ಮೂರು ಗ್ಲೌಸುಗಳಲ್ಲಿ ಒಂದನ್ನು ಅವಳಾಗಲೇ ಕೈಗೆ ಹಾಕಿಕೊಂಡು, ಎಲ್ಲಿ ನಿಲ್ಲಲಿ ಸಾ ಅಂತ ಕೇಳುತ್ತಿದ್ದಳು.