ಒಗ್ಗರಣೆ ಇಲ್ಲದ ಸಾರು

ಥಾಯ್ಲೆಂಡಿಗೆ ಹೊರಡುವಾಗ ಅಣ್ಣನ ಹತ್ತಿರ ಒಂದೇ ಒಂದು ಮಾತು ತೆಗೆದುಕೊಂಡಿದ್ದೆ. ಅಪ್ಪನಿಗೆ ಏನಾದರೂ ಆದರೆ ಅವತ್ತೇ ನನಗೆ ಹೇಳಬೇಕು. "ಹೇಳ್ದೆ ಇರ್ತೀವಾ ಮಾರಾಯ್ತಿ? ನಾವೇನು ಕಟುಕರಾ?" ಅಂದಿದ್ದ. ಅಪ್ಪನ ಹೃದಯ ಆಗಲೇ ಸೋತಿತ್ತು. ಸಾಗರದ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ನನಗೆ ಥಾಯ್ಲೆಂಡಿನ ಶಾಲೆಯಲ್ಲಿ ಒಂದು ವರ್ಷದ ಕೆಲಸ ಸಿಕ್ಕಿತ್ತು. ಗಂಡನಿಲ್ಲ, ಮಕ್ಕಳಿಲ್ಲ, ಹೋಗಿ ನೋಡೇಬಿಡೋಣ ಎಂಬ ಹುಂಬತನ. ಹೋಗು ಎಂದು ಹುರಿದುಂಬಿಸಿದ್ದೂ ಅಪ್ಪನೇ.

ಅಪ್ಪ ಹೊಸನಗರದ ಬಸ್ ಸ್ಟ್ಯಾಂಡ್ ಹತ್ತಿರ ಸಣ್ಣ ಹೋಟೆಲು ಇಟ್ಟಿದ್ದವರು. ಕೈಲಾಗದೆ ಅದನ್ನು ಅಣ್ಣನಿಗೆ ಬಿಟ್ಟುಕೊಟ್ಟರೂ ಬಾಯಿ ಮಾತ್ರ ಒಲೆಯ ಮುಂದೆಯೇ ಇತ್ತು. ಸಂಜೆ ನಾನು ವಿಡಿಯೋ ಕಾಲ್ ಮಾಡಿದರೆ ಹೇಗಿದ್ದೀ ಎಂದು ಕೇಳಿದವರಲ್ಲ. "ಇವತ್ತು ಎಂತ ಮಾಡಿದೆ? ತೋರ್ಸು" ಎನ್ನುವರು. ಪಾತ್ರೆಯ ಮೇಲೆ ಫೋನು ಹಿಡಿಯಬೇಕು. "ಥೂ, ಇದೆಂತ ಸಾರೇ? ಕೈ ತೊಳೆದ ನೀರಾ?"

ನನಗೂ ಮೂಗಿನ ತುದಿಯಲ್ಲೇ ಸಿಟ್ಟು. "ಇಲ್ಲಿ ಬೇಳೆ ಬೇಯೋಲ್ಲ, ಕೊತ್ತಂಬರಿ ಸೊಪ್ಪಿಗೆ ಬೇರೆ ಏನೋ ವಾಸನೆ, ನೀವೇ ಬಂದು ಮಾಡಿ" ಎಂದು ಹರಿಹಾಯುತ್ತಿದ್ದೆ. ಅವರು ಕೆಮ್ಮುತ್ತಾ ನಗುವರು. ದಿನವಿಡೀ ಮಕ್ಕಳಿಗೆ 'ಗುಡ್ ಮಾರ್ನಿಂಗ್' ಹೇಳಿಸಿ ಬಾಯಿ ಒಣಗಿದ ನನಗೆ ಅಷ್ಟು ಬೈಸಿಕೊಂಡರೇ ಊಟ ಸೇರುತ್ತಿತ್ತು. ಸಂತೆಯಲ್ಲಿ ಬಾಳೆ ಹೂವೋ ಕೆಸುವೋ ಕಂಡರೆ, ಅಪ್ಪನಿಗೆ ತೋರಿಸಬೇಕೆಂದೇ ಹೊತ್ತು ತರುತ್ತಿದ್ದೆ.

ಮಳೆಗಾಲದಲ್ಲಿ ಒಂದು ವಾರ ಅಪ್ಪ ಫೋನಿಗೆ ಸಿಗಲಿಲ್ಲ. ಮಲಗಿದಾರೆ ಎಂದರು ಅತ್ತಿಗೆ. ಮರುದಿನ ಕೇಳಿದರೆ ತೀರ್ಥಹಳ್ಳಿಗೆ, ಸೋದರತ್ತೆಯ ಮನೆಗೆ ಹೋಗಿದಾರೆ ಎಂದರು. ಅಣ್ಣನಂತೂ ಫೋನಿನ ಹತ್ತಿರವೇ ಸುಳಿಯಲಿಲ್ಲ. ಅತ್ತಿಗೆ ಫೋನನ್ನು ಒಲೆಯ ಪಕ್ಕ ಒರಗಿಸಿಟ್ಟು ತಮ್ಮ ಪಾಡಿಗೆ ಅಡುಗೆ ಮಾಡುತ್ತಿದ್ದರು. ಸಾರಿನ ಮೇಲೆ ಒಂದು ಸಾಸಿವೆ ಕಾಳೂ ಇರಲಿಲ್ಲ.

"ಒಗ್ಗರಣೆ ಮರೆತ್ರಾ ಅತ್ತಿಗೆ? ಅಪ್ಪ ನೋಡಿದ್ರೆ ಸೌಟು ಬೀಸ್ತಾರೆ."

"ಅವ್ರಿಗೆ ಎಣ್ಣೆ ಕೊಡ್ಬೇಡಿ ಅಂದಿದಾರೆ ಡಾಕ್ಟ್ರು."

ಆಯಿತು ಎಂದುಕೊಂಡೆ. ಮರುದಿನ ನೋಡಿದರೆ ಪಲ್ಯವೂ ಬರೀ ಬೇಯಿಸಿದ್ದು. ಅಪ್ಪ ತೀರ್ಥಹಳ್ಳಿಯಲ್ಲಿದ್ದರೆ ಮನೆಯಲ್ಲಿ ಎಣ್ಣೆ ಯಾಕೆ ಬೇಡ? ಕೇಳಲು ಬಾಯಿ ತೆರೆದವಳಿಗೆ ಥಟ್ಟನೆ ಹೊಳೆಯಿತು. ಸೂತಕ ಕಳೆಯುವ ತನಕ ನಮ್ಮ ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ. ಅಮ್ಮ ಸತ್ತಾಗಲೂ ಹೀಗೇ ಸಪ್ಪೆ ಸಾರು ಉಂಡಿದ್ದೆವು. ನನ್ನಿಂದ ಸಾವು ಮುಚ್ಚಿಡಲು ಅತ್ತಿಗೆಯ ಬಾಯಿ ಒಪ್ಪಿತ್ತು, ಕೈ ಒಪ್ಪಿರಲಿಲ್ಲ.

"ಅಪ್ಪ ಹೋದ್ರಾ?" ಎಂದೆ.

ಅತ್ತಿಗೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಸೆರಗಿನೊಳಗಿಂದಲೇ "ಸೋಮವಾರ ಬೆಳಿಗ್ಗೆ" ಎಂದರು.

ಸೋಮವಾರ! ಅವತ್ತು ಸಂಜೆ ನಾನೇ ಫೋನು ಮಾಡಿದ್ದೆ. ನನ್ನ ಸಾಸಿವೆ, ಒಣಮೆಣಸಿನ ಘಾಟಿಗೆ ಮನೆಯೊಡತಿ ಬೆಂಕಿ ಬಿತ್ತೆಂದು ಬಕೆಟ್ ನೀರು ಹಿಡಿದು ಮೆಟ್ಟಿಲು ಹತ್ತಿ ಬಂದ ಕಥೆಯನ್ನು ಹೇಳಿ ಹೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಅಪ್ಪನಿಗೆ ಮರೆಯದೆ ಹೇಳಿ ಅತ್ತಿಗೆ ಎಂದಿದ್ದೆ. ನೆಟ್‌ವರ್ಕ್ ಇಲ್ಲವೆಂದು ಮುಖ ತೋರಿಸದೆ ಅವರು ಎಲ್ಲದಕ್ಕೂ ಹ್ಞೂಂ ಹ್ಞೂಂ ಎಂದಿದ್ದರು. ಅಷ್ಟು ಹೊತ್ತಿಗೆ ಅಪ್ಪ ಸುಟ್ಟು ಬೂದಿಯಾಗಿದ್ದರು.

"ಅಣ್ಣನ್ನ ಕರೀರಿ" ಎಂದು ಕಿರುಚಿದೆ. ಪರದೆಗೆ ಬಂದವನ ತಲೆ ಬೋಳಾಗಿತ್ತು. ಒಂದು ಕ್ಷಣ ಅಪ್ಪನೇ ಕಂಡಂತಾಯಿತು. ಆದರೂ ನನ್ನ ಸಿಟ್ಟು ಇಳಿಯಲಿಲ್ಲ.

"ಮಾತು ಕೊಟ್ಟಿದ್ದೆಯಲ್ಲೋ!"

"ನಿನ್ನ ಶಾಲೆ ಮಕ್ಕಳಿಗೆ ಪರೀಕ್ಷೆ ಅಂದಿದ್ದೆಯಲ್ಲ ನೀನು. ಅದು ಮುಗೀಲಿ ಅಂತ ಎಲ್ರೂ ಸೇರಿ..." ಅವನ ದನಿ ಒಡೆಯಿತು. "ಹೇಳಿದ್ರೂ ಎಂತ ಮಾಡ್ತಿದ್ದೆ ಹೇಳು? ಮಧ್ಯಾಹ್ನದೊಳಗೇ ಎಲ್ಲ ಮುಗಿಸಿದ್ವಿ. ನೀನು ಬರೋ ತನಕ ಇಡೋಕಾಗ್ತಿತ್ತಾ? ಮುಖ ಅಂತೂ ಸಿಗ್ತಿರ್ಲಿಲ್ಲ ನಿಂಗೆ."

ಅವನು ಹೇಳಿದ್ದು ನಿಜವೇ. ಎರಡು ವಿಮಾನ, ಮೇಲೊಂದು ರಾತ್ರಿ ಬಸ್ಸು. ಯಾವ ಲೆಕ್ಕದಲ್ಲೂ ನಾನು ತಲುಪುತ್ತಿರಲಿಲ್ಲ.

"ಮುಖ ನೋಡೋಕಲ್ಲ ಕಣೋ" ಎಂದೆ. "ನೀವೆಲ್ಲ ಅಳ್ತಿದ್ದ ದಿನ ನಾನಿಲ್ಲಿ ನಗ್ತಾ ಕೂತಿದ್ದೆ. ಅವತ್ತೇ ನಂಗೂ ಅಳೋಕೆ ಬಿಡ್ಬೇಕಿತ್ತು."